ಹಾಡು ಯಾರದು, ಕಾಗದ ಯಾರದು?

(ವಿದ್ಯಾರ್ಥಿನಿಲಯದ ಗೆಳೆಯ ಗೆಳತಿಯರ ಸಭೆಯಲ್ಲಿ ಆಡಿದ ಮಾತು. ಬರೆದುಕೊಂಡಿದ್ದನ್ನು ಹೆಚ್ಚು ತಿದ್ದದೆ ಇಲ್ಲಿ ಕೊಟ್ಟಿದೆ.)



ರ‍್ಯಾಪ್ ಹಾಡಿನ ಬಗ್ಗೆ ಮಾತಾಡಿ ಅಂತ ಕರೆದಿರಿ. ಹಾಡಿ ತೋರಿಸಿ ಅಂತ ಕೇಳಲಿಲ್ಲ, ನಿಮ್ಮ ಕಿವಿಗಳಿಗೆ ಒಳ್ಳೇದೇ ಆಯ್ತು. ಈ ಹಾಡುಗಳನ್ನು ನನಗಿಂತ ನೀವೇ ಹೆಚ್ಚು ಕೇಳಿದ್ದೀರಿ. ನಿಮ್ಮ ಮೊಬೈಲುಗಳಲ್ಲೇ ಇವೆ. ಹಾಗಾಗಿ ನಾನು ತಾಳ, ಲಯ, ಪ್ರಾಸದ ವಿಚಾರಕ್ಕೆ ಹೋಗೋದಿಲ್ಲ. ಒಂದು ಕಾಗದದ ವಿಚಾರ ಹೇಳ್ತೀನಿ. ಅಮೆರಿಕಾದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಊರಿನ ಒಬ್ಬ ಕಪ್ಪು ಹುಡುಗಿ ಸಹಿ ಹಾಕಿದ ಕಾಗದ. ಆ ಸಹಿಯನ್ನು ಬಿಡಿಸಿಕೊಳ್ಳೋಕೆ ಆಕೆಗೆ ಐದೂವರೆ ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಆಕೆ ಲೋಕವೆಲ್ಲ ಬಲ್ಲ ಹಾಡುಗಾರ್ತಿಯಾಗಿದ್ದಳು.

ಹೆಸರು ಮೆಗನ್ ಪೀಟ್. ವೇದಿಕೆ ಮೇಲಿನ ಹೆಸರು ಮೆಗನ್ ದೀ ಸ್ಟ್ಯಾಲಿಯನ್. ಸ್ಟ್ಯಾಲಿಯನ್ ಅಂದ್ರೆ ಬೀಜದ ಕುದುರೆ. ಟೆಕ್ಸಾಸಿನ ಕಡೆ ಎತ್ತರದ, ಮೈಕಟ್ಟಿನ ಹೆಂಗಸನ್ನು ಹಾಗೆ ಕರೆಯೋ ರೂಢಿ ಇದೆ. ಬೀದಿಯಲ್ಲಿ ಕೂಗಿದ ಹೆಸರನ್ನೇ ಆಕೆ ಎತ್ತಿಕೊಂಡು ಹಣೆಗೆ ಇಟ್ಟುಕೊಂಡಳು. ಬೇರೆಯವರು ಇಟ್ಟ ಹೆಸರನ್ನು ನಮ್ಮದು ಮಾಡಿಕೊಳ್ಳೋದು ಅಂದ್ರೆ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಆಕೆಯ ಕಥೆಗೆ ಹೋಗುವ ಮುಂಚೆ ಎರಡು ಮಾತು. ಈ ಹಾಡು ಹುಟ್ಟಿದ್ದು ಕಂಪನಿಯ ಸ್ಟುಡಿಯೋದಲ್ಲಿ ಅಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ, ಒಂದು ವಠಾರದಂಥ ದೊಡ್ಡ ಕಟ್ಟಡದ ಸಭೆಯ ಕೋಣೆಯಲ್ಲಿ ಒಂದು ಕುಣಿತದ ಕೂಟ ನಡೀತು. ಅಲ್ಲಿ ತಟ್ಟೆ ತಿರುಗಿಸಿದ ಡಿಜೆ ಕೂಲ್ ಹರ್ಕ್ ಹೆಸರು ಎಲ್ಲ ಪುಸ್ತಕದಲ್ಲೂ ಇದೆ. ಆದರೆ ಕೂಟ ಏರ್ಪಾಡು ಮಾಡಿದವಳು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಶಾಲೆ ಶುರುವಾಗೋದಿತ್ತು, ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಟಿಕೆಟ್ ಇಟ್ಟಳು. ಶಾಲೆ ಬಟ್ಟೆಗೆ ದುಡ್ಡಿಲ್ಲದ ಒಬ್ಬ ಹುಡುಗಿಯ ಉಪಾಯದಿಂದ ಒಂದು ಕಲೆ ಹುಟ್ಟಿತು. ಆರು ವರ್ಷದ ನಂತರ, 1979ರಲ್ಲಿ, ಸಿಲ್ವಿಯಾ ರಾಬಿನ್ಸನ್ ಎಂಬ ಕಪ್ಪು ಹೆಂಗಸು ತನ್ನ ಷುಗರ್ ಹಿಲ್ ಕಂಪನಿಯಿಂದ ಮೊದಲ ದೊಡ್ಡ ರ‍್ಯಾಪ್ ತಟ್ಟೆ ಹೊರತಂದಳು. ಏರ್ಪಾಡು ಮಾಡಿದವಳು ಹೆಣ್ಣು, ವ್ಯಾಪಾರಕ್ಕೆ ತಂದವಳೂ ಹೆಣ್ಣು. ಆದ್ರೂ ಒಬ್ಬಳೇ ಹೆಣ್ಣಿನ ಪೂರ್ತಿ ರ‍್ಯಾಪ್ ಆಲ್ಬಂ ಬರೋಕೆ 1988ರವರೆಗೆ ಕಾಯಬೇಕಾಯ್ತು. ಆಕೆ ಎಂಸಿ ಲೈಟ್.

ದೊಡ್ಡ ಕಂಪನಿಯ ಹೊಸಿಲು ದಾಟಿದ ಮೇಲೆ ಏನಾಗ್ತಿತ್ತು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಟಿಎಲ್‌ಸಿ ಅಂತ ಮೂವರು ಹುಡುಗಿಯರ ತಂಡ ಇತ್ತು. ಅವರಲ್ಲಿ ಲೆಫ್ಟ್ ಐ ಅನ್ನುವವಳು ರ‍್ಯಾಪ್ ಹೇಳ್ತಿದ್ದಳು. 1994ರ ಕೊನೆಯಲ್ಲಿ ಬಂದ ಅವರ ಆಲ್ಬಂ ಲಕ್ಷಲಕ್ಷ ಪ್ರತಿ ಮಾರಾಟವಾಗ್ತಾ ಇರುವಾಗಲೇ, 1995ರಲ್ಲಿ, ಆ ಮೂವರೂ ಕೋರ್ಟಿಗೆ ಹೋಗಿ ನಾವು ದಿವಾಳಿ ಅಂತ ಬರೆದುಕೊಟ್ಟರು. ಅಂಗಡಿಯಲ್ಲಿ ತಟ್ಟೆ ಖಾಲಿ, ಹಾಡಿದವರ ಜೇಬೂ ಖಾಲಿ. ಮಧ್ಯದಲ್ಲಿ ದುಡ್ಡು ಎಲ್ಲಿಗೆ ಹೋಯ್ತು? ಆ ಮಧ್ಯದ ಜಾಗವೇ ಇವತ್ತಿನ ನನ್ನ ವಿಷಯ.

ಮೆಗನ್ ಹುಟ್ಟಿದ್ದು 1995ರಲ್ಲಿ, ಅದೇ ದಿವಾಳಿಯ ವರ್ಷ. ಬೆಳೆದದ್ದು ಹ್ಯೂಸ್ಟನ್ನಿನ ಸೌತ್ ಪಾರ್ಕ್ ಎಂಬ ಕಪ್ಪು ಜನರ ಕೇರಿಯಲ್ಲಿ. ಕೇರಿ ಅಂತ ನಾನು ಬೇಕಂತಲೇ ಹೇಳ್ತಾ ಇದ್ದೀನಿ. ತಾಯಿ ಹಾಲಿ ಥಾಮಸ್. ಆಯಮ್ಮ ಹಗಲು ಸಾಲ ವಸೂಲಿಯ ಕೆಲಸ ಮಾಡ್ತಿದ್ದರು, ಉಳಿದ ಹೊತ್ತಿನಲ್ಲಿ ಹಾಲಿವುಡ್ ಅನ್ನೋ ಹೆಸರಲ್ಲಿ ತಾವೂ ರ‍್ಯಾಪ್ ಹೇಳ್ತಿದ್ದರು. ಮಗುವನ್ನು ಶಿಶುವಿಹಾರದಲ್ಲಿ ಬಿಡುವ ಬದಲು ಸ್ಟುಡಿಯೋಕ್ಕೆ ಕರಕೊಂಡು ಹೋಗಿದ್ದೂ ಉಂಟು. ಮಗಳಿಗೆ ಹದಿನೆಂಟಾದಾಗ ‘ಅಮ್ಮಾ, ನಾನೂ ಹಾಡ್ತೀನಿ’ ಅಂದಳು. ಹಾಡು ಕೇಳಿದ ತಾಯಿಗೆ ಮಾತು ಸ್ವಲ್ಪ ಖಾರವಾಯ್ತು ಅನ್ನಿಸ್ತು. ಇಪ್ಪತ್ತೊಂದು ತುಂಬಲಿ, ಆಮೇಲೆ ನೋಡೋಣ ಅಂದರು. ಆಮೇಲೆ ಮಗಳ ಮ್ಯಾನೇಜರ್ ಆಗಿ ತಾವೇ ನಿಂತರು. ಮಗಳಿಗೆ ಹದಿನೈದರ ಸುಮಾರಿಗೇ ಅಪ್ಪ ತೀರಿಹೋಗಿದ್ದ. 2019ರ ಮಾರ್ಚಿನಲ್ಲಿ, ಮಗಳ ಹೆಸರು ಆಗತಾನೆ ಕೇಳಿಬರ್ತಾ ಇರುವಾಗ, ತಾಯಿ ಮಿದುಳಿನ ಗಡ್ಡೆಯಿಂದ ತೀರಿಕೊಂಡರು. ಅದೇ ತಿಂಗಳು ಅಜ್ಜಿಯೂ ಹೋದರು.

ಇನ್ನು ಓದಿನ ವಿಚಾರ. ನೀವು ಹಾಸ್ಟೆಲಿನವರು ಕೇಳಬೇಕಾದ್ದು ಇದು. ಆಕೆ ಮೊದಲು ಸೇರಿದ್ದು ಪ್ರೇರಿ ವ್ಯೂ ಎಂಬ ಕಪ್ಪು ಜನರ ವಿಶ್ವವಿದ್ಯಾಲಯಕ್ಕೆ, ಅದು 1876ರದ್ದು. ಪದವಿ ಪಡೆದದ್ದು ಹ್ಯೂಸ್ಟನ್ನಿನ ಟೆಕ್ಸಾಸ್ ಸದರ್ನ್ ವಿಶ್ವವಿದ್ಯಾಲಯದಲ್ಲಿ. ಈ ಟೆಕ್ಸಾಸ್ ಸದರ್ನ್ ಹೇಗೆ ಹುಟ್ಟಿತು ಗೊತ್ತಾ? 1946ರಲ್ಲಿ ಹೀಮನ್ ಸ್ವೆಟ್ ಎಂಬ ಹ್ಯೂಸ್ಟನ್ನಿನ ಒಬ್ಬ ಕಪ್ಪು ಅಂಚೆಯವನು ಬಿಳಿಯರ ಟೆಕ್ಸಾಸ್ ವಿಶ್ವವಿದ್ಯಾಲಯದ ಲಾ ಕಾಲೇಜಿಗೆ ಅರ್ಜಿ ಹಾಕಿದ. ಬಣ್ಣ ನೋಡಿ ಸೀಟು ಇಲ್ಲ ಅಂದರು. ಅವನು ಕೋರ್ಟಿಗೆ ಹೋದ. ಅವನನ್ನು ಒಳಗೆ ಬಿಡೋದು ತಪ್ಪಲಿ ಅಂತ ಸರ್ಕಾರ 1947ರಲ್ಲಿ ಕರಿಯರಿಗೇ ಬೇರೆ ವಿಶ್ವವಿದ್ಯಾಲಯ ಮಾಡಿತು. ಒಂದೇ ಬಾವಿಗೆ ಬಿಡಬಾರದು ಅಂತ ಬೇರೆ ಬಾವಿ ತೋಡಿಸಿದ ಹಾಗೆ. ಸ್ವೆಟ್ ಸುಮ್ಮನಾಗಲಿಲ್ಲ. 1950ರಲ್ಲಿ ಸುಪ್ರೀಂ ಕೋರ್ಟು ಅವನನ್ನು ಆ ಬಿಳಿಯರ ಕಾಲೇಜಿಗೇ ಸೇರಿಸಿಕೊಳ್ಳಿ ಅಂತ ತೀರ್ಪು ಕೊಟ್ಟಿತು. ಹೊರಗಿಡೋಕೆ ಅಂತ ಕಟ್ಟಿದ ಆ ವಿಶ್ವವಿದ್ಯಾಲಯ ಮಾತ್ರ ಉಳೀತು, ಬೆಳೀತು, ಸಾವಿರಾರು ಮಕ್ಕಳ ಮನೆಯಾಯ್ತು. 2021ರ ಡಿಸೆಂಬರಿನಲ್ಲಿ ಅಲ್ಲಿಂದ ಮೆಗನ್ ಪದವಿ ತಗೊಂಡಳು. ಆಗ ಆಕೆ ಮೂರು ಗ್ರ್ಯಾಮಿ ಪ್ರಶಸ್ತಿ ಗೆದ್ದಾಗಿತ್ತು. ತಗೊಂಡ ಪದವಿ ಸಂಗೀತದ್ದಲ್ಲ, ಆಸ್ಪತ್ರೆ ಮತ್ತು ಆರೋಗ್ಯ ಸೇವೆಯ ಆಡಳಿತದ್ದು. ವಯಸ್ಸಾದವರನ್ನು ನೋಡಿಕೊಳ್ಳುವ ಮನೆ ಕಟ್ಟಬೇಕು, ಜೊತೆಗೆ ಓದಿದವರಿಗೆ ಅಲ್ಲಿ ಕೆಲಸ ಕೊಡಬೇಕು ಅನ್ನೋದು ಆಕೆ ಹೇಳಿಕೊಂಡ ಆಸೆ. ತಾಯಿಗೂ ಅಜ್ಜಿಗೂ ಕೊಟ್ಟ ಮಾತು ಅಂತ ಓದು ಮುಗಿಸಿದಳು. ಹಾಡು ಸಿಕ್ಕ ಕೂಡಲೇ ಟಿ.ಸಿ. ತಗೊಂಡು ಹೊರಟು ನಿಂತವರು ನಮ್ಮಲ್ಲೂ ಇದ್ದಾರೆ, ಅವರ ಹೆಸರು ಹೇಳೋದಿಲ್ಲ. ಅವರು ನಗ್ತಾ ಇದ್ದಾರೆ, ಇರಲಿ.

ಈಗ ಕಾಗದಕ್ಕೆ ಬರೋಣ.

2018ರ ಶುರುವಿನಲ್ಲಿ ಮೆಗನ್ ಹ್ಯೂಸ್ಟನ್ನಿನ 1501 ಸರ್ಟಿಫೈಡ್ ಎಂಬ ಸಣ್ಣ ಕಂಪನಿಗೆ ಸಹಿ ಹಾಕಿದಳು. ಕಂಪನಿಯ ಯಜಮಾನ ಕಾರ್ಲ್ ಕ್ರಾಫರ್ಡ್. ಅವನೂ ಕಪ್ಪು ಮನುಷ್ಯ, ಅವನೂ ಹ್ಯೂಸ್ಟನ್ನಿನವನೇ, ಹಿಂದೆ ಬೇಸ್‌ಬಾಲ್ ಆಟಗಾರ. 2010ರಲ್ಲಿ ಬಾಸ್ಟನ್ನಿನ ತಂಡ ಅವನಿಗೆ ಏಳು ವರ್ಷಕ್ಕೆ 14 ಕೋಟಿ 20 ಲಕ್ಷ ಡಾಲರಿನ ಕರಾರು ಕೊಟ್ಟಿತ್ತು. ಅಂದ್ರೆ ಕರಾರು ಅಂದ್ರೇನು, ವಕೀಲ ಅಂದ್ರೇನು ಅನ್ನೋದು ಚೆನ್ನಾಗಿ ಗೊತ್ತಿದ್ದ ಮನುಷ್ಯ. ಅದೇ ವರ್ಷದ ಕೊನೆಗೆ ಅವನ ಕಂಪನಿ ಮತ್ತು 300 ಎಂಟರ್ಟೈನ್‌ಮೆಂಟ್ ಎಂಬ ದೊಡ್ಡ ಲೇಬಲ್ ಜೊತೆಯಾದವು. 300 ಸೇರಿಸಿಕೊಂಡ ಮೊದಲ ಹೆಣ್ಣು ರ‍್ಯಾಪರ್ ಮೆಗನ್. ಪತ್ರಿಕೆಗಳಲ್ಲಿ ಸುದ್ದಿ, ಫೋಟೋ, ಹೂವು. ಕಾಗದವನ್ನು ಯಾರು ಓದಿದರು?

ಕಾಗದದಲ್ಲಿ ಏನಿತ್ತು ಅನ್ನೋದು ಆಕೆ 2020ರಲ್ಲಿ ಕೋರ್ಟಿಗೆ ಹಾಕಿದ ಫಿರ್ಯಾದಿಯಿಂದ ಹೊರಬಿತ್ತು. ನಾನು ಅದನ್ನು ನಮ್ಮ ಲೆಕ್ಕದಲ್ಲಿ ಹೇಳ್ತೀನಿ. ಧ್ವನಿಮುದ್ರಣದಿಂದ ನೂರು ರೂಪಾಯಿ ಬಂತು ಅನ್ನಿ. ಅದರಲ್ಲಿ 60 ಕಂಪನಿಗೆ, 40 ಆಕೆಗೆ. ನಲವತ್ತೂ ಕೈಗೆ ಬರ್ತದೆ ಅಂದ್ಕೋಬೇಡಿ. ವಾದ್ಯ ಕೂಡಿಸಿದವನ ಕೂಲಿ, ಧ್ವನಿ ಹದ ಮಾಡಿದವನ ಕೂಲಿ, ಜೊತೆಗೆ ಹಾಡಿದವರ ಪಾಲು, ಎಲ್ಲ ಆ ನಲವತ್ತರಲ್ಲೇ ಕಳೀಬೇಕು. ಆಕೆ ಬರೆದ ಸಾಹಿತ್ಯದ ಹಕ್ಕಿನಿಂದ ಬರುವ ದುಡ್ಡಿನಲ್ಲಿ ಅರ್ಧ ಕಂಪನಿಗೆ. ಊರೂರು ತಿರುಗಿ ವೇದಿಕೆ ಮೇಲೆ ಬೆವರು ಸುರಿಸಿದ ದುಡ್ಡಿನಲ್ಲಿ ನೂರಕ್ಕೆ 30. ಆಕೆಯ ಹೆಸರು ಅಚ್ಚು ಹಾಕಿದ ಬನಿಯನ್ನು, ಟೋಪಿ ಮಾರಿದರೆ ಅದರಲ್ಲೂ ನೂರಕ್ಕೆ 30. ಹಾಡಿನಿಂದ ಎದ್ದ ವ್ಯಾಪಾರ ಸುಮಾರು 70 ಲಕ್ಷ ಡಾಲರ್, ಕಂಪನಿಯಿಂದ ನನ್ನ ಕೈಗೆ ಬಂದದ್ದು 15 ಸಾವಿರ ಡಾಲರ್ ಅಂತ ಆಕೆಯ ಫಿರ್ಯಾದಿ. ಕ್ರಾಫರ್ಡ್ ಇದನ್ನು ಒಪ್ಪಲಿಲ್ಲ. ಯಾರೂ ಬಲ್ಲದ ಹೊಸ ಹುಡುಗಿಗೆ ನಾನು ದುಡ್ಡು ಹಾಕಿದೆ, ಹೊಸಬರಿಗೆ ಇದು ಒಳ್ಳೆ ಕರಾರೇ ಅನ್ನೋದು ಅವನ ವಾದ. ಅವನ ಮಾತನ್ನೂ ಹೇಳಬೇಕು, ಹೇಳಿದ್ದೀನಿ.

ಇಲ್ಲಿ ಎರಡು ಪದ ತಿಳಕೊಳ್ಳಿ, ಮುಂದೆ ಬೇಕಾಗ್ತವೆ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರ್ತವೆ. ನೀವು ಬರೆದ ಮಾತು, ಕಟ್ಟಿದ ರಾಗ ಒಂದು ಆಸ್ತಿ. ಅದನ್ನು ಪಬ್ಲಿಷಿಂಗ್ ಅಂತಾರೆ. ಆ ಹಾಡನ್ನು ಹಾಡಿ ಮುದ್ರಿಸಿದ ಧ್ವನಿ ಇನ್ನೊಂದು ಆಸ್ತಿ. ಅದನ್ನು ಮಾಸ್ಟರ್ ಅಂತಾರೆ. ನಾಳೆ ಯಾವನೋ ಸಿನಿಮಾದವನು, ಸೋಪಿನ ಜಾಹೀರಾತಿನವನು ಆ ಮುದ್ರಣ ಬೇಕು ಅಂದ್ರೆ ಮಾಸ್ಟರ್ ಯಾರ ಹತ್ತಿರ ಇದೆಯೋ ಅವನ ಮನೆ ಬಾಗಿಲಿಗೆ ಹೋಗ್ತಾನೆ. ಬಾಯಿ ನಿಮ್ಮದು, ಬೀಗದ ಕೈ ಅವನದು.

ಇನ್ನೊಂದು, ಮುಂಗಡ. ಇದನ್ನು ನಿಮಗೆ ಕಲಿಸಬೇಕಾ? ಇಟ್ಟಿಗೆ ಗೂಡಿಗೆ, ಕಬ್ಬು ಕಡಿಯೋಕೆ ಹೋಗುವ ನಮ್ಮವರಿಗೆ ಮುಂಗಡ ಕೊಡ್ತಾರಲ್ಲ, ಸಂಗೀತ ಕಂಪನಿಯ ಮುಂಗಡವೂ ಆ ಜಾತಿಯದೇ. ಸಹಿ ಹಾಕಿದ ದಿನ ಕೊಡುವ ದುಡ್ಡು ಬಹುಮಾನ ಅಲ್ಲ. ನಿಮ್ಮ ಪಾಲಿನಲ್ಲಿ ಅದು ತೀರುವವರೆಗೆ ಒಂದು ಪೈಸೆ ಕೈಗೆ ಬರೋದಿಲ್ಲ. ವಿಡಿಯೋ ತೆಗೆದ ಖರ್ಚಿನಲ್ಲೂ ಎಷ್ಟೋ ಸಲ ಒಂದಷ್ಟನ್ನು ಅದೇ ಲೆಕ್ಕಕ್ಕೆ ಹಚ್ಚುತ್ತಾರೆ. ವ್ಯತ್ಯಾಸ ಇಷ್ಟೇ, ಹಾಡು ಓಡದಿದ್ದರೆ ಸಾಮಾನ್ಯವಾಗಿ ಅಲ್ಲಿ ಮನೆ ಜಪ್ತಿ ಮಾಡೋಕೆ ಬರೋದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಸಾಲ ಹಾಗೇ ಉಳೀತದೆ, ಮುಂದಿನ ಹಾಡು ದುಡಿದದ್ದನ್ನೂ ಅದು ತಿಂತದೆ.

ಹಾಗಂತ ಇದನ್ನು ಜೀತ ಅಂತ ಕರೀಬೇಕಾ? ನಮ್ಮ ಕೆಲವು ಗೆಳೆಯರು ತಕ್ಷಣ ಹಾಗೆ ಕರೀತಾರೆ. ಅಮೆರಿಕಾದಲ್ಲೂ ಪ್ರಿನ್ಸ್ ಎಂಬ ದೊಡ್ಡ ಹಾಡುಗಾರ 1990ರ ದಶಕದಲ್ಲಿ ವಾರ್ನರ್ ಕಂಪನಿಯ ಮೇಲಿನ ಸಿಟ್ಟಿಗೆ ತನ್ನ ಕೆನ್ನೆ ಮೇಲೆ ಗುಲಾಮ ಅಂತ ಇಂಗ್ಲಿಷಿನಲ್ಲಿ ಬರೆದುಕೊಂಡು ತಿರುಗಿದ. ಅವನ ಸಿಟ್ಟು ನನಗೆ ಅರ್ಥವಾಗ್ತದೆ. ಆದರೂ ನಾನು ಆ ಪದವನ್ನು ಇಲ್ಲಿ ಬಳಸೋದಿಲ್ಲ. ಜೀತ ರದ್ದಾದದ್ದು ನಮ್ಮಲ್ಲಿ 1975ರ ಸುಗ್ರೀವಾಜ್ಞೆ, 1976ರ ಕಾಯ್ದೆಯಿಂದ. ಕಾಯ್ದೆ ಬಂದ ಮೇಲೂ ಜೀತ ಮಾಡಿದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲೇ ಕೂತಿದ್ದೀರಿ. ಮೆಗನ್ ಕೋರ್ಟಿಗೆ ಹೋಗಬಲ್ಲಳಾಗಿದ್ದಳು, ವಕೀಲರನ್ನು ಇಡಬಲ್ಲಳಾಗಿದ್ದಳು. ಪದವನ್ನು ಅಗ್ಗ ಮಾಡಿದರೆ ನಮ್ಮ ಅಜ್ಜಂದಿರಿಗೆ ಮೋಸ. ಇದು ಜೀತ ಅಲ್ಲ. ಗೊತ್ತಿಲ್ಲದವರ ಕೈಲಿ ಗೊತ್ತಿದ್ದವರು ಹಾಕಿಸಿಕೊಂಡ ಸಹಿ. ಹೆಬ್ಬೆಟ್ಟಿಗೂ ಅದಕ್ಕೂ ನಂಟು ಉಂಟು, ಎರಡೂ ಒಂದೇ ಅಲ್ಲ.

ಯಜಮಾನ ನಮ್ಮ ಬಣ್ಣದವನೇ ಆಗಿದ್ದನಲ್ಲ ಅಂತ ಒಬ್ಬ ಗೆಳೆಯ ಚೀಟಿ ಕಳಿಸಿದ್ದಾನೆ. ಹೌದು, ಆಗಿದ್ದ. ನಮ್ಮವನು ಅಂತ ನಂಬಿ ಓದದೆ ಸಹಿ ಹಾಕೋದೇ ಹೆಚ್ಚು. ಬೇರೆಯವರ ಕಾಗದವನ್ನು ಎರಡು ಸಲ ಓದ್ತೀವಿ, ನಮ್ಮವರದ್ದು ಅಂದ್ರೆ ಓದೋದೇ ಅವಮಾನ ಅಂದ್ಕೋತೀವಿ. ‘ಅಣ್ಣ, ನಿಮ್ಮ ಮೇಲೆ ನಂಬಿಕೆ ಇಲ್ವಾ ಅಂತ ತಿಳೀಬೇಡಿ, ಆದರೆ ಇದನ್ನು ವಕೀಲರಿಗೆ ತೋರಿಸಿ ಬರ್ತೀನಿ’ ಅಂತ ಹೇಳೋಕೆ ಬಾಯಿ ಬರಬೇಕು. ನಿಜವಾದ ಅಣ್ಣ ಅದಕ್ಕೆ ಸಿಟ್ಟಾಗೋದಿಲ್ಲ.

ಆಕೆಗೆ ಅರಿವಾದದ್ದು ಯಾವಾಗ? 2019ರ ಸೆಪ್ಟೆಂಬರಿನಲ್ಲಿ ರಾಕ್ ನೇಷನ್ ಎಂಬ ಸಂಸ್ಥೆ ಆಕೆಯ ವ್ಯವಹಾರ ನೋಡಿಕೊಳ್ಳೋಕೆ ಬಂತು. ಹೊಸ ವಕೀಲರು ಕಾಗದ ಓದಿ, ಇದರಲ್ಲಿ ಹೀಗಿದೆ, ನಿನಗೆ ಗೊತ್ತಾ ಅಂತ ಕೇಳಿದರು. ಗೊತ್ತಿರಲಿಲ್ಲ. ಸಹಿ ಹಾಕುವಾಗ ನಾನು ಚಿಕ್ಕವಳು, ಅದರಲ್ಲಿ ಏನೇನಿದೆ ಅಂತ ತಿಳಿದಿರಲಿಲ್ಲ ಅಂತ ಆಕೆ ಆಮೇಲೆ ಎಲ್ಲರ ಮುಂದೆ ಹೇಳಿದಳು. ನನಗೆ ಆಕೆಯ ಹಾಡಿಗಿಂತ ಹೆಚ್ಚು ಧೈರ್ಯದ್ದು ಅನ್ನಿಸೋದು ಈ ಮಾತು. ಅಷ್ಟು ಮೆರೆಯುತ್ತಿದ್ದವಳು, ನನಗೆ ತಿಳಿದಿರಲಿಲ್ಲ ಅಂತ ಲೋಕದ ಮುಂದೆ ಹೇಳೋದು ಸುಲಭವಲ್ಲ.

ಕರಾರು ಬದಲಿಸಿ ಅಂತ ಕೇಳಿದಳು. ಕೇಳಿದ್ದಕ್ಕೆ ಹೊಸ ಹಾಡು ಬಿಡೋಕೇ ಅಡ್ಡ ಬಂದರು ಅಂತ ಆಕೆಯ ದೂರು. 2020ರ ಮಾರ್ಚ್ ಮೊದಲ ವಾರ ಹ್ಯೂಸ್ಟನ್ನಿನ ಕೋರ್ಟಿಗೆ ಹೋದಳು. ನ್ಯಾಯಾಧೀಶರು ತಾತ್ಕಾಲಿಕ ತಡೆ ಕೊಟ್ಟರು, ಹಾಡು ಬಿಡೋದನ್ನು ತಡೀಬೇಡಿ ಅಂತ. ಮಾರ್ಚ್ 6ಕ್ಕೆ ಸುಗಾ ಎಂಬ ಹಾಡಿನ ಕಟ್ಟು ಹೊರಬಂತು. ಆ ಕಟ್ಟಿನಲ್ಲಿದ್ದ ಸ್ಯಾವೇಜ್ ಎಂಬ ಹಾಡಿಗೆ ಏಪ್ರಿಲಿನಲ್ಲಿ ಬಿಯಾನ್ಸೆ ದನಿ ಕೂಡಿಸಿದಳು, ಬಿಯಾನ್ಸೆಯೂ ಹ್ಯೂಸ್ಟನ್ನಿನವಳೇ. ಮೇ ತಿಂಗಳಲ್ಲಿ ಅದು ಅಮೆರಿಕಾದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಯ್ತು. ಯೋಚನೆ ಮಾಡಿ. ಕೋರ್ಟಿಗೆ ಹೋಗದೆ ಇದ್ದಿದ್ದರೆ ಆ ಹಾಡು ಪೆಟ್ಟಿಗೆಯಲ್ಲೇ ಕೂತಿರ್ತಿತ್ತು. 2021ರ ಮಾರ್ಚಿನ ಗ್ರ್ಯಾಮಿಯಲ್ಲಿ ಅದೇ ಹಾಡಿಗೆ ಎರಡು ಪ್ರಶಸ್ತಿ, ಜೊತೆಗೆ ಹೊಸ ಕಲಾವಿದೆ ಎಂಬ ಪ್ರಶಸ್ತಿ. ಹೆಣ್ಣು ರ‍್ಯಾಪರಿಗೆ ಆ ಕೊನೆಯ ಪ್ರಶಸ್ತಿ ಅದಕ್ಕೆ ಹಿಂದೆ ಬಂದದ್ದು 1999ರಲ್ಲಿ, ಲಾರಿನ್ ಹಿಲ್‌ಗೆ. ಇಪ್ಪತ್ತೆರಡು ವರ್ಷ ಮಧ್ಯದಲ್ಲಿ ಬಯಲು.

ಪ್ರಶಸ್ತಿ ಬಂದರೂ ಕಾಗದ ಹಾಗೇ ಇತ್ತು. 2021ರ ಆಗಸ್ಟಿನಲ್ಲಿ ಕೊರಿಯಾದ ಬಿಟಿಎಸ್ ತಂಡದ ಹಾಡಿಗೆ ದನಿ ಕೊಟ್ಟಿದ್ದಳು. ಅದನ್ನು ಬಿಡೋಕೂ ಕೋರ್ಟಿನ ಅಪ್ಪಣೆ ಬೇಕಾಯ್ತು.

ಆಮೇಲೆ ಬಂತು ನಿಮಿಷದ ಜಗಳ. ಕೇಳಿದರೆ ನಗು ಬರ್ತದೆ. ಕರಾರಿನಲ್ಲಿ ಇಷ್ಟು ಆಲ್ಬಂ ಕೊಡಬೇಕು ಅಂತ ಇತ್ತು. ಅವನ್ನು ಕೊಟ್ಟು ಮುಗಿಸಿದರೆ ಬಿಡುಗಡೆ. 2021ರ ಅಕ್ಟೋಬರಿನಲ್ಲಿ ಆಕೆ ಒಂದು ಸಂಗ್ರಹ ಬಿಟ್ಟಳು. ಇದು ಆಲ್ಬಂ, ಲೆಕ್ಕಕ್ಕೆ ಹಿಡೀರಿ ಅಂದಳು. ಆಲ್ಬಂ ಅಂದ್ರೆ ಕನಿಷ್ಠ 45 ನಿಮಿಷ ಇರಬೇಕು, ಇದು 45 ದಾಟಿದೆ ಅಂತ 2022ರ ಫೆಬ್ರವರಿಯಲ್ಲಿ ಕೋರ್ಟಿಗೆ ಕೊಟ್ಟಳು. ಕಂಪನಿ ತಿರುಗಿ ದಾವೆ ಹಾಕಿತು. ಇದರಲ್ಲಿ ಹಳೆಯ ಹಾಡು, ಮಾತಿನ ತುಣುಕು ಸೇರಿಸಿದ್ದೀಯ, ಹೊಸದು ಇರೋದು 29 ನಿಮಿಷ ಮಾತ್ರ, ನಮ್ಮ ಒಪ್ಪಿಗೆಯನ್ನೂ ಪಡೆದಿಲ್ಲ ಅಂತ. ಕಲೆಯನ್ನು ಗಡಿಯಾರ ಹಿಡಿದು ಅಳೆದರು. ನಮ್ಮ ಕಡೆ ಹೊಲದ ಕೂಲಿಯನ್ನು ನೆರಳು ನೋಡಿ ಅಳೆದ ಹಾಗೆ. ಅದೇ ವರ್ಷದ ಆಗಸ್ಟಿನಲ್ಲಿ ಇನ್ನೊಂದು ಆಲ್ಬಂ ಬಿಟ್ಟಳು, ನನ್ನ ಬಾಕಿ ತೀರಿತು ಅಂದಳು. ಕೇಸು ನಡೀತಾನೇ ಇತ್ತು.

ಈ ನಡುವೆ ಇನ್ನೊಂದು ಹೊಡೆತ. 2020ರ ಜುಲೈನಲ್ಲಿ ಲಾಸ್ ಏಂಜಲೀಸಿನಲ್ಲಿ ಟೋರಿ ಲೇನ್ಸ್ ಎಂಬ ಹಾಡುಗಾರ ಆಕೆಯ ಕಾಲುಗಳಿಗೆ ಗುಂಡು ಹೊಡೆದ. ಗುಂಡು ತಿಂದವಳ ಮಾತನ್ನು ಜನ ನಂಬಲಿಲ್ಲ. ಸುಳ್ಳು ಹೇಳ್ತಾಳೆ ಅಂದರು, ಅಣಕದ ಹಾಡು ಕಟ್ಟಿದರು, ಅದರಲ್ಲಿ ಆಕೆಯ ಬಣ್ಣದ ಗಂಡಸರೂ ಇದ್ದರು. ಆ ಅಕ್ಟೋಬರಿನಲ್ಲಿ ಆಕೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಕಪ್ಪು ಹೆಂಗಸರ ಪರವಾಗಿ ಯಾಕೆ ಮಾತಾಡ್ತೀನಿ ಅಂತ ಲೇಖನ ಬರೆದಳು. 2022ರ ಡಿಸೆಂಬರಿನಲ್ಲಿ ಜ್ಯೂರಿ ಅವನನ್ನು ಮೂರು ಆರೋಪಗಳಲ್ಲೂ ತಪ್ಪಿತಸ್ಥ ಅಂದಿತು. 2023ರ ಆಗಸ್ಟಿನಲ್ಲಿ ಹತ್ತು ವರ್ಷದ ಶಿಕ್ಷೆಯಾಯ್ತು.

ಇಲ್ಲಿ ಒಂದು ಮುಜುಗರದ ವಿಷಯವನ್ನೂ ಹೇಳಿಬಿಡ್ತೀನಿ. ಈಕೆಯ ಹಾಡಿನಲ್ಲಿ ಮೈಯ ಮಾತು ಬಹಳ. 2020ರಲ್ಲಿ ಕಾರ್ಡಿ ಬಿ ಜೊತೆ ಹಾಡಿದ ಒಂದು ಹಾಡಿಗೆ ಅಮೆರಿಕಾದ ದೊಡ್ಡ ಮನುಷ್ಯರೇ ಬೊಬ್ಬೆ ಹೊಡೆದರು. ನಮ್ಮ ಹಿರಿಯ ಸಂಗಾತಿಗಳು ಕೇಳಿದರೆ ಎದ್ದು ಹೋಗ್ತಾರೆ. ನನಗೂ ಕೆಲವು ಹಾಡು ಹಿಡಿಸೋದಿಲ್ಲ, ಕಂಪನಿಗೆ ಬೇಕಾದ್ದು ಅಂಥ ಸರಕೇ ಅನ್ನೋ ಅನುಮಾನವೂ ನನಗೆ ಇದೆ. ಆದರೆ ಅದೇ ಮಾತನ್ನು ಗಂಡಸರು ನಲವತ್ತು ವರ್ಷದಿಂದ ಹಾಡ್ತಾ ಬಂದಾಗ ಯಾರೂ ಎದ್ದು ಹೋಗಲಿಲ್ಲ. ಮತ್ತೆ, ಗುಂಡು ಬಿದ್ದಾಗ ಆಕೆಯ ಹಾಡನ್ನೇ ತೋರಿಸಿ ಇಂಥವಳ ಮಾತು ನಂಬಬೇಕಾ ಅಂದರಲ್ಲ, ಆ ವಾದ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಈ ಸಭೆಯ ತಂಗಿಯರಿಗೆ ಗೊತ್ತು. ಉಡುಪು, ನಗು, ಹಾಡು ನೋಡಿ ನ್ಯಾಯ ಅಳೆಯೋ ಊರಿಂದಲೇ ನೀವು ಬಂದಿದ್ದೀರಿ. ಹಾಡನ್ನು ಟೀಕೆ ಮಾಡಿ, ಬೇಡ ಅನ್ನೋದಿಲ್ಲ. ಸಾಕ್ಷಿಯನ್ನು ಬೇರೆ ಇಡಿ.

2023ರ ಅಕ್ಟೋಬರಿನಲ್ಲಿ 1501 ಮತ್ತು ಮೆಗನ್ ರಾಜಿಯಾಗಿ ಬೇರೆಯಾದರು. ಮರು ತಿಂಗಳೇ ಆಕೆ ಕೋಬ್ರಾ ಎಂಬ ಹಾಡು ಬಿಟ್ಟಳು. ಲೇಬಲ್ ಇಲ್ಲ, ಖರ್ಚೆಲ್ಲ ನನ್ನ ಜೇಬಿಂದ ಅಂತ ಹೇಳಿಕೊಂಡಳು. 2024ರ ಜನವರಿಯಲ್ಲಿ ಬಿಟ್ಟ ಹಿಸ್ ಎಂಬ ಹಾಡು ಬಂದ ವಾರವೇ ಮೊದಲನೇ ಸ್ಥಾನಕ್ಕೆ ಹೋಯ್ತು. ಜೊತೆಗೆ ಯಾರ ದನಿಯೂ ಇಲ್ಲದೆ ಆಕೆ ಒಬ್ಬಳೇ ಮೊದಲ ಸ್ಥಾನ ಮುಟ್ಟಿದ್ದು ಅದೇ ಮೊದಲು.

ಆ ಫೆಬ್ರವರಿಯಲ್ಲಿ ವಾರ್ನರ್ ಮ್ಯೂಸಿಕ್ ಜೊತೆ ಹೊಸ ಕರಾರು. ವಾರ್ನರ್ ಅಂದ್ರೆ ಲೋಕದ ಮೂರು ದೊಡ್ಡ ಸಂಗೀತ ಕಂಪನಿಗಳಲ್ಲಿ ಒಂದು. ಉಳಿದೆರಡು ಯೂನಿವರ್ಸಲ್ ಮತ್ತು ಸೋನಿ. ಇನ್ನೊಂದು ಗಮನಿಸಿ. ಮೊದಲು ಆಕೆಯ ಹಾಡು ಹಂಚುತ್ತಿದ್ದ 300 ಕಂಪನಿಯನ್ನು 2021ರ ಡಿಸೆಂಬರಿನಲ್ಲಿ ಇದೇ ವಾರ್ನರ್ 40 ಕೋಟಿ ಡಾಲರ್ ಕೊಟ್ಟು ಕೊಂಡಿತ್ತು. ಅಂದ್ರೆ ಆಕೆ ಮತ್ತೆ ಹೋದದ್ದು ಅದೇ ಮನೆಗೆ. ಬಾಗಿಲು ಮಾತ್ರ ಬೇರೆ. ಹಿಂದೆ ದುಡಿಯೋಕೆ ಹೋಗಿದ್ದಳು, ಈಗ ತನ್ನ ಸರಕು ಹಂಚುವ ಕೆಲಸವನ್ನು ಅವರಿಗೆ ಒಪ್ಪಿಸಿದಳು. ಮಾಸ್ಟರ್ ಆಕೆಯದು, ಪಬ್ಲಿಷಿಂಗ್ ಆಕೆಯದು. ಕಂಪನಿ ಅಂಗಡಿ ಅಂಗಡಿಗೆ, ದೇಶ ದೇಶಕ್ಕೆ ಮುಟ್ಟಿಸಬೇಕು, ಅದಕ್ಕೆ ಪಾಲು ತಗೋಬೇಕು. ಆ ಜೂನಿನಲ್ಲಿ ತನ್ನ ಹೆಸರನ್ನೇ ಇಟ್ಟ ಆಲ್ಬಂ ತನ್ನದೇ ಹಾಟ್ ಗರ್ಲ್ ಪ್ರೊಡಕ್ಷನ್ಸ್ ಮೂಲಕ ಬಂತು.

ಇದನ್ನು ಕ್ರಾಂತಿ ಅಂತ ನಾನು ಹೇಳೋದಿಲ್ಲ. ಮೂರು ಕಂಪನಿಗಳ ಕೈಯಲ್ಲೇ ಅಂಗಡಿ ಇದೆ. ಒಬ್ಬಳು ಗೆದ್ದಳು, ಯಾಕಂದ್ರೆ ಅಷ್ಟು ಹೊತ್ತಿಗೆ ಅವರಿಗೇ ಆಕೆ ಬೇಕಾಗಿದ್ದಳು. 2018ರಲ್ಲಿ ಇದೇ ಷರತ್ತು ಕೇಳಿದ್ದರೆ ನಡಿ ಆಚೆ ಅಂತಿದ್ದರು. ಆಕೆಗಿಂತ ಒಂದು ತಲೆಮಾರು ಹಿಂದಿನ ಸಾಲ್ಟ್-ಎನ್-ಪೆಪಾ ತಂಡದ ಹೆಂಗಸರು 1980ರ ದಶಕದಿಂದ ಹಾಡಿದವರು. ತಮ್ಮ ಮಾಸ್ಟರುಗಳು ತಮಗೆ ಬರಬೇಕು ಅಂತ 2025ರಲ್ಲಿ ಯೂನಿವರ್ಸಲ್ ಮೇಲೆ ಕೋರ್ಟಿಗೆ ಹೋಗಬೇಕಾಯ್ತು.

ಇನ್ನು ನಮ್ಮ ವಿಚಾರ. ನಿಮ್ಮಲ್ಲಿ ತಮಟೆ ಬಡಿಯುವವರು ಇದ್ದೀರಿ, ಹಾಡು ಕಟ್ಟುವವರು ಇದ್ದೀರಿ, ಮೊಬೈಲಿನಲ್ಲಿ ಹಾಡಿ ಬಿಡುವವರು ಇದ್ದೀರಿ. ನಾಳೆ ಯಾವುದೋ ಆಡಿಯೋ ಕಂಪನಿಯವನು ಐದು ಸಾವಿರ ರೂಪಾಯಿ ಕೊಟ್ಟು, ಇಲ್ಲಿ ಒಂದು ಸಹಿ ಹಾಕಪ್ಪ ಅಂತಾನೆ. ಅದಕ್ಕೇ ಕಾನೂನಿನಲ್ಲಿ ಏನಿದೆ ಅಂತ ಹೇಳಿಬಿಡ್ತೀನಿ, ಬೇಕಾದವರು ಬರಕೊಳ್ಳಿ.

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. 2012ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಆ ತಿದ್ದುಪಡಿ ಪ್ರಕಾರ ಹಾಡಿನ ಸಾಹಿತ್ಯ ಬರೆದವರು, ರಾಗ ಕಟ್ಟಿದವರು ಹಕ್ಕನ್ನು ಬರೆದುಕೊಟ್ಟರೂ ರಾಯಲ್ಟಿಯಲ್ಲಿ ತಮ್ಮ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡೋಕೆ ಬರೋದಿಲ್ಲ. ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡರೂ ಅದು ನಿಲ್ಲೋದಿಲ್ಲ. ವಾರಸುದಾರರಿಗೆ ಇಲ್ಲವೆ ಆ ಹಣ ವಸೂಲು ಮಾಡಿ ಹಂಚುವ ಲೇಖಕರ ಸಂಘಕ್ಕೆ ಮಾತ್ರ ಕೊಡಬಹುದು. ಹಕ್ಕು ಕೊಡೋದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಕಾಯ್ದೆಯೇ ತಿಳೀತದೆ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಕಂಪನಿಗಳ ಅಚ್ಚಾದ ಕಾಗದದಲ್ಲಿ ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಅಂತ ಸಣ್ಣ ಅಕ್ಷರದಲ್ಲಿ ಇರೋದು ಅದಕ್ಕೇ. ಆ ಎರಡು ಪದವನ್ನು ಮೊದಲು ಹುಡುಕಿ. ಹದಿನೆಂಟು ತುಂಬದವರು ಮಾಡಿದ ಕರಾರು 1872ರ ಕರಾರು ಕಾಯ್ದೆಯ ಪ್ರಕಾರ ನಿಲ್ಲೋದಿಲ್ಲ. ಪಿಯುಸಿ ಓದೋ ತಮ್ಮಂದಿರು ಇದನ್ನು ನೆನಪಿಟ್ಟುಕೊಳ್ಳಿ.

ವಕೀಲರಿಗೆ ಕೊಡೋಕೆ ದುಡ್ಡೆಲ್ಲಿ ಅಂತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಇವರಿಗೆ ಆದಾಯದ ಮಿತಿ ಇಲ್ಲ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರ್ತದೆ, ತಾಲ್ಲೂಕು ಕೋರ್ಟಿನಲ್ಲಿ ಸಮಿತಿ ಇರ್ತದೆ. ಕೊಲೆ ಕೇಸಿಗೆ ಮಾತ್ರ ಹೋಗಬೇಕು ಅಂತೇನಿಲ್ಲ. ಸಹಿ ಹಾಕೋ ಮುಂಚೆ ಕಾಗದ ಹಿಡಕೊಂಡು ಸಲಹೆ ಕೇಳೋಕೂ ಹೋಗಬಹುದು.

ಹಾಡು ಕಟ್ಟಿದ ದಿನವೇ ಅದನ್ನು ತಾರೀಖು ಹಾಕಿ ನೋಟು ಪುಸ್ತಕದಲ್ಲಿ ಬರೆದಿಡಿ. ಯಾರು ಯಾರು ಸೇರಿ ಕಟ್ಟಿದಿರಿ, ಯಾರ ಸಾಲು ಯಾವುದು, ತಮಟೆ ಯಾರದು, ಅದನ್ನೂ ಬರೀರಿ. ತಂಡದೊಳಗಿನ ಜಗಳ ಕಂಪನಿಯ ಜಗಳಕ್ಕಿಂತ ಕೆಟ್ಟದ್ದು. ಈಗಾಗಲೇ ಯಾರಿಗಾದರೂ ಸಹಿ ಹಾಕಿ ಕೊಟ್ಟಿದ್ದರೆ ಆ ಕಾಗದದ ಜೆರಾಕ್ಸ್ ನಿಮ್ಮ ಹತ್ತಿರ ಇದೆಯಾ ನೋಡಿ. ಇಲ್ಲದಿದ್ದರೆ ನಾಳೆಯೇ ಹೋಗಿ ಕೇಳಿ ತನ್ನಿ. ತಂದವರು ಊಟ ಆದ ಮೇಲೆ ಇಲ್ಲೇ ಕೂತುಕೊಳ್ಳಿ, ಒಂದೊಂದೇ ಓದೋಣ.